‘ಪುಡಿ ಮಾಡು’ ಅಲ್ಲ, ಹಾಗಾದರೆ ಏನು?

ಎಲ್ಲರಿಗೂ ನಮಸ್ಕಾರ.

ದ್ರಾವಣದೊಳಗೆ ಸಣ್ಣ ಕಣಗಳು ಹುಟ್ಟುವುದನ್ನು ಹೇಳಲು ನನಗೊಂದು ಕ್ರಿಯಾಪದ ಬೇಕಾಗಿದೆ. ಹಿನ್ನೆಲೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಔಷಧಿ ಕಾರ್ಖಾನೆಯೊಂದಕ್ಕೆ ಕನ್ನಡದಲ್ಲಿ ಎಸ್‌ಒಪಿ (ಕೆಲಸವನ್ನು ಹಂತ ಹಂತವಾಗಿ ಹೇಗೆ ಮಾಡಬೇಕೆಂಬ ಸೂಚನೆ) ಬರೆದುಕೊಡುತ್ತಿದ್ದೇನೆ. ಅಲ್ಲಿ ರಿಯಾಕ್ಟರ್ ಎಂಬ ದೊಡ್ಡ ಪಾತ್ರೆಯೊಳಗಿನ ಬಿಸಿ ದ್ರಾವಣ ತಣಿಯುತ್ತಿರುವಾಗ ಅದಕ್ಕೆ ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಸಿಗದಷ್ಟು ಕೀಚಲಾದ ಸದ್ದು, ಬಿಡುತ್ತಾರೆ. ಹರಳು ಸಣ್ಣದಾಗಿ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬರಲಿ ಅಂತ. ಇನ್‌ಹೇಲರ್‌ನಲ್ಲಿ ಎಳೆದುಕೊಳ್ಳುವ ಔಷಧಿ ಶ್ವಾಸಕೋಶದ ಒಳಗೆ ಹೋಗಬೇಕಾದರೆ ಕಣ ಸುಮಾರು 1ರಿಂದ 5 ಮೈಕ್ರೋಮೀಟರ್ ಇರಬೇಕು. ದಪ್ಪಗಿದ್ದರೆ ಗಂಟಲಲ್ಲೇ ಕೂತುಬಿಡುತ್ತದೆ.

ಮೊದಲ ಕರಡಿನಲ್ಲಿ ನಾನು ‘ಅಲ್ಟ್ರಾಸೌಂಡ್‌ನಿಂದ ನುಣ್ಣಗೆ ಪುಡಿ ಮಾಡುವ ವಿಧಾನ’ ಎಂದು ಬರೆದಿದ್ದೆ. ಓದಿದ ಆಪರೇಟರ್ ಒಬ್ಬರು ಕೇಳಿದರು: “ಸಾರ್, ಹಂಗಾದ್ರೆ ಹರಳೆಲ್ಲಾ ಆದ್ಮೇಲೆ ಮೆಷಿನ್ ಆನ್ ಮಾಡ್ಬೇಕಾ?”

ತಪ್ಪು ಅವರದಲ್ಲ, ನನ್ನದು. ಪುಡಿ ಮಾಡಬೇಕಾದರೆ ಇಡಿಯಾದದ್ದು ಏನೋ ಮೊದಲು ಇರಬೇಕು. ಮೆಣಸಿನಕಾಯಿ ಇದ್ದರೆ ತಾನೇ ಖಾರದ ಪುಡಿ? ಇಲ್ಲಿ ಮೆಷಿನ್ ಆನ್ ಮಾಡುವಾಗ ಹರಳೇ ಇರುವುದಿಲ್ಲ. ಕನ್ನಡಿಯಂಥ ತಿಳಿ ದ್ರಾವಣ ಅಷ್ಟೇ. ಸದ್ದು ತಾಗಿದಾಗ ಒಟ್ಟೊಟ್ಟಿಗೆ ಲೆಕ್ಕವಿಲ್ಲದಷ್ಟು ಕಡೆ ಹರಳು ಮೊಳೆಯುತ್ತದೆ. ಕರಗಿರುವ ಸರಕು ಅಷ್ಟೇ ಇದೆ, ಪಾಲಿಗೆ ಬಂದವರು ಜಾಸ್ತಿ. ಹಾಗಾಗಿ ಯಾವುದೂ ದಪ್ಪಗಾಗುವುದಿಲ್ಲ.

ತುಪ್ಪವನ್ನೇ ನೋಡಿ. ಒಲೆ ಪಕ್ಕ ನಿಧಾನವಾಗಿ ಆರಿದರೆ ಮರಳು ಮರಳಾಗುತ್ತದೆ. ಅವಸರಕ್ಕೆ ಫ್ರಿಜ್‌ನಲ್ಲಿಟ್ಟರೆ ಮರಳಿಲ್ಲ, ನುಣ್ಣಗೆ ಗಟ್ಟಿಯಾಗುತ್ತದೆ. ಅದನ್ನು ಯಾರೂ ಅರೆಯಲಿಲ್ಲ, ಅಲ್ವಾ?

ಹಾಗಾದರೆ ‘-ಗಟ್ಟು’ ಹಚ್ಚೋಣ ಅಂದುಕೊಂಡೆ. ಹೆಪ್ಪುಗಟ್ಟು, ಕೆನೆಗಟ್ಟು, ಹರಳುಗಟ್ಟು ಇವೆಯಲ್ಲ. ಆದರೆ ‘ಪುಡಿಗಟ್ಟು’ ಆಗಲೇ ಬೇರೆಯವರ ಪಾಲಾಗಿದೆ. ಪೇಪರಿನ ಕ್ರೀಡಾಪುಟದಲ್ಲಿ ದಿನಾ ಯಾರಾದರೂ ದಾಖಲೆ ಪುಡಿಗಟ್ಟುತ್ತಿರುತ್ತಾರೆ. ಅಲ್ಲಿ ನಡೆಯುವುದು ಕಟ್ಟುವ ಕೆಲಸವಲ್ಲ, ಕುಟ್ಟುವ ಕೆಲಸ. ‘ಪುಡಿಗುಟ್ಟು’ ಸವೆದು ಹೀಗಾಯಿತೇ? ಬಲ್ಲವರು ಹೇಳಿ.

‘ಹರಳುಗಟ್ಟಿಸು’ ಸಾಕಲ್ಲ ಎನ್ನಬಹುದು. ಈ ಕಾರ್ಖಾನೆಗೆ ಸಾಕು. ಆದರೆ ಸದ್ದಿನಿಂದ ಹುಟ್ಟುವ ಕಣವೆಲ್ಲ ಹರಳಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೆನ್ನೆತ್ ಸಸ್ಲಿಕ್ ಮತ್ತು ಜೊತೆಗಾರರು 1991ರಲ್ಲಿ ಕಬ್ಬಿಣದ ಒಂದು ಸಂಯುಕ್ತಕ್ಕೆ ಅಲ್ಟ್ರಾಸೌಂಡ್ ಕೊಟ್ಟು ಕಬ್ಬಿಣದ ಪುಡಿ ಪಡೆದರು. ಸದ್ದಿನಿಂದ ಒಂದು ಕ್ಷಣ ಕಾದದ್ದು ಎಷ್ಟು ಬೇಗ ತಣಿಯಿತೆಂದರೆ, ಪರಮಾಣುಗಳಿಗೆ ಸಾಲಾಗಿ ನಿಲ್ಲಲು ಪುರುಸೊತ್ತೇ ಸಿಗಲಿಲ್ಲ. ಹರಳಿನ ಜೋಡಣೆಯೇ ಇಲ್ಲದ ಕಬ್ಬಿಣ ಅದು. ಅದಕ್ಕೆ ‘ಹರಳುಗಟ್ಟಿತು’ ಅನ್ನುವುದು ಹೇಗೆ?

ಇನ್ನೂ ಒಂದು ತೊಡಕು. ಹರಳು ಮೂಡಿದ ಮೇಲೂ ಸದ್ದು ಬಿಡುತ್ತಲೇ ಇದ್ದರೆ ಅದು ಹರಳನ್ನು ನಿಜಕ್ಕೂ ಒಡೆಯುತ್ತದೆ. ಅಂದರೆ ಹುಟ್ಟಿಸುವುದಕ್ಕೂ ಮುರಿಯುವುದಕ್ಕೂ ಒಂದೇ ಮೆಷಿನ್. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಹಾಕಿದರೆ ಆಪರೇಟರ್ ಯಾವಾಗ ಆಫ್ ಮಾಡಬೇಕು?

ಕ್ಯಾವಿಟೇಶನ್ ಎಂಬ ಪದದ ಬಗ್ಗೆಯೂ ಕೇಳಬೇಕು. ಸದ್ದಿನ ಅಲೆ ದ್ರವವನ್ನು ಎಳೆದಾಗ ಪುಟ್ಟ ಗುಳ್ಳೆಗಳು ಏಳುತ್ತವೆ, ಒತ್ತಿದಾಗ ತಟ್ಟನೆ ಕುಸಿಯುತ್ತವೆ. ಕುಸಿಯುವ ಗುಳ್ಳೆಯೊಳಗೆ ಒಂದು ಕ್ಷಣ ಸುಮಾರು 5000 ಡಿಗ್ರಿ ಶಾಖ. ಸುತ್ತಲಿನ ದ್ರವ ಮಾತ್ರ ತಣ್ಣಗೇ ಇರುತ್ತದೆ. ‘ಗುಳ್ಳೆ ಒಡೆಯುವುದು’ ಎಂದು ಬರೆದರೆ ಸೋಪಿನ ಗುಳ್ಳೆ ಹೊರಗೆ ಸಿಡಿದ ಚಿತ್ರ ಬರುತ್ತದೆ. ಇದು ಒಳಕ್ಕೆ ಬೀಳುವುದು, ಹಳೆ ಬಾವಿ ಕುಸಿದ ಹಾಗೆ. ನಾನು ‘ಗುಳ್ಳೆಕುಸಿತ’ ಎಂದು ಹಾಕಿದ್ದೇನೆ. ‘ಕುಹರಣ’ಕ್ಕಿಂತ ನನಗೆ ಇದೇ ಇಷ್ಟ.

ಅಲ್ಟ್ರಾಸೌಂಡ್‌ಗೆ ಶಾಲಾ ಪುಸ್ತಕದ ‘ಶ್ರವಣಾತೀತ’ ಇದೆ. ಕಿವಿಗೆ ಸಿಗದ ಸದ್ದು, 20,000 ಹರ್ಟ್ಸ್‌ಗಿಂತ ಮೇಲಿನದು. ಅರ್ಥ ಸರಿಯೇ. ಆದರೆ ದ್ರಾವಣಕ್ಕೆ ಸದ್ದು ಬಿಡುವ ಟೈಟಾನಿಯಂ ಸರಳು (ಪ್ರೋಬ್) ಶುರುವಾದರೆ ಗುಳ್ಳೆಗಳ ಗದ್ದಲ ಕಿವಿಗೆ ಚೆನ್ನಾಗಿಯೇ ಬಡಿಯುತ್ತದೆ. ಕಿವಿಗೆ ಮುಚ್ಚಳ ಹಾಕಿಕೊಂಡು ‘ಶ್ರವಣಾತೀತ’ ಎಂಬ ಬೋರ್ಡಿನ ಕೆಳಗೆ ನಿಲ್ಲಬೇಕು! ಹೆರಿಗೆ ಆಸ್ಪತ್ರೆಯ ದೆಸೆಯಿಂದ ‘ಅಲ್ಟ್ರಾಸೌಂಡ್’ ಎಲ್ಲರಿಗೂ ಗೊತ್ತು, ಅದನ್ನೇ ಉಳಿಸಿಕೊಂಡೆ.

ಕೊನೆಗೆ ಆ ಆಪರೇಟರನ್ನೇ ಕೇಳಿದೆ, ನೀವು ಏನಂತೀರಿ ಅಂತ. “ನಾವಾ? ಸೌಂಡ್ ಕೊಡೋದು ಅಂತೀವಿ.” ಚೆನ್ನಾಗಿದೆ. ಮಾಡುವ ಕೆಲಸಕ್ಕೆ ಹೆಸರು ಸಿಕ್ಕಿತು. ಅದರಿಂದ ಆಗುವುದಕ್ಕೆ ಇನ್ನೂ ಸಿಕ್ಕಿಲ್ಲ.

ನನ್ನ ಕೈಯಲ್ಲಿರುವುದು ‘ಕಣಗಟ್ಟು’, ಮಾಡಿಸುವುದಕ್ಕೆ ‘ಕಣಗಟ್ಟಿಸು’. ಹರಳಾದರೂ ಸರಿ, ಅಲ್ಲದಿದ್ದರೂ ಸರಿ. ಆದರೆ ನಮ್ಮ ಕಡೆ ಕಣ ಅಂದರೆ ರಾಗಿ ಬಡಿಯುವ ಜಾಗವೂ ಹೌದು. ಕಣ ಕಟ್ಟಿಸಿ ಅಂದರೆ ನೆಲ ಸಾರಿಸಲು ಹೊರಟಾರು ಅಂತ ಅನುಮಾನ. ತುಪ್ಪ ಮರಳಾಗುವುದಕ್ಕೆ, ಹಳೆ ಜೇನು ಸಕ್ಕರೆಯಾಗುವುದಕ್ಕೆ, ಬೆಲ್ಲದ ಪಾಕ ಹರಳಾಗುವುದಕ್ಕೆ ನಿಮ್ಮ ಊರಲ್ಲಿ ಒಂದೇ ಮಾತಿನ ಕ್ರಿಯಾಪದ ಇದೆಯೇ? ಇದ್ದರೆ ಯಾವ ಊರು ಎನ್ನುವುದನ್ನೂ ಬರೆಯಿರಿ.