2 ಜಿಬಿ ಸರ್ವರಲ್ಲಿ ಮೆಮೊರಿ ಎಲ್ಲಿ ಹೋಗ್ತಿದೆ? ಕಮಾಂಡ್ ಲೈನಲ್ಲಿ ನೋಡಿ ಗೊತ್ತಿರುವವರು ಹೇಳಿ

ಅಡಿಕೆತೋಟ:

ಎಲ್ಲರಿಗೂ ನಮಸ್ಕಾರ. ನಾನು ಸರ್ವರ್ ಕಲಿತವನಲ್ಲ. ಊರಿನ ಬೆಳೆಗಾರರ ಸಂಘದ ವೆಬ್‌ಸೈಟನ್ನು ನನ್ನ ತಲೆಗೆ ಕಟ್ಟಿದ್ದಾರೆ ಅಷ್ಟೆ. ತಿಂಗಳ ಬಾಡಿಗೆಯ 2 ಜಿಬಿ ಮಶೀನು, ಉಬುಂಟು 22.04, ಅದರ ಮೇಲೆ ವರ್ಡ್‌ಪ್ರೆಸ್, ಮೈಎಸ್‌ಕ್ಯೂಎಲ್. ವಾರದಲ್ಲಿ ಎರಡು ಮೂರು ದಿನ ಬೆಳಿಗ್ಗೆ ಎದ್ದರೆ ಡೇಟಾಬೇಸ್ ಸಿಗ್ತಿಲ್ಲ ಅನ್ನುವ ಬಿಳಿ ಪುಟ. ಕೆಲವು ಸಲ ತಾನಾಗಿ ಸರಿಹೋಗಿರುತ್ತದೆ, ಕೆಲವು ಸಲ ನಾನೇ ರೀಸ್ಟಾರ್ಟ್ ಮಾಡಬೇಕು.

'ಫ್ರೀ -ಎಂ' ಅಂತ ಹೊಡೆದು ನೋಡಿದೆ. ಟೋಟಲ್ 1963, ಯೂಸ್ಡ್ 1021, ಫ್ರೀ 88, ಬಫ್/ಕ್ಯಾಶ್ 854, ಅವೈಲಬಲ್ 739. ಸ್ವಾಪ್ ಸಾಲಿನಲ್ಲಿ ಎಲ್ಲಾ ಸೊನ್ನೆ. ಬರೀ 88 ಎಂಬಿ ಉಳಿದಿದೆ ಅಂದರೆ ಮೆಮೊರಿ ಮುಗೀತು ಅಂತ ತಾನೇ? ಒಬ್ಬ ಗೆಳೆಯ ಗಂಟೆಗೊಂದು ಸಲ ಕ್ಯಾಶ್ ಖಾಲಿ ಮಾಡುವ ಒಂದು ಸಾಲು ಕೊಟ್ಟಿದ್ದಾನೆ, ಕ್ರಾನ್‌ಗೆ (ಹೇಳಿದ ಹೊತ್ತಿಗೆ ತಾನಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ಹಾಕು ಅಂತ. ಹಾಕಿದ್ದೇನೆ, ಏನೂ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಮಶೀನಿಗೆ ಬಾಡಿಗೆ ಡಬಲ್, ಸಂಘದವರು ಒಪ್ಪಲ್ಲ.

ಹಳೇಕನ್ಸೋಲು:

ಮೊದಲು ಆ ಕ್ರಾನ್ ಸಾಲು ತೆಗೀರಿ. ಆಮೇಲೆ ಮುಂದಿನ ಮಾತು.

ನೀವು ನೋಡಬೇಕಾದ್ದು ಫ್ರೀ ಅಲ್ಲ, ಕೊನೆಯಲ್ಲಿರುವ ಅವೈಲಬಲ್. ನೀವು ಅಡಿಕೆಯವರಲ್ವಾ, ಹೀಗೆ ಯೋಚನೆ ಮಾಡಿ. ಅಂಗಳ ಸುಮ್ನೆ ಖಾಲಿ ಇದೆ ಅಂತ ಅಡಿಕೆ ಒಣಗಲು ಹರವಿದ್ದೀರಿ. ಮನೆಯಲ್ಲಿ ಕಾರ್ಯ ಬಂತು, ಚಪ್ಪರ ಹಾಕಬೇಕು ಅಂದರೆ ಅಡಿಕೆ ಎತ್ತಿಟ್ಟರಾಯಿತು. ಲಿನಕ್ಸ್ ಮಾಡುವುದೂ ಅದನ್ನೇ. ಯಾರಿಗೂ ಬೇಡದ ರ್ಯಾಮಿನಲ್ಲಿ ಡಿಸ್ಕಿನಿಂದ ಓದಿದ ಫೈಲುಗಳನ್ನು ಇಟ್ಟುಕೊಂಡಿರುತ್ತದೆ, ಬೇರೆ ಪ್ರೋಗ್ರಾಂ ಕೇಳಿದಾಗ ಬಿಟ್ಟುಕೊಡುತ್ತದೆ. ನಿಮ್ಮ 854ರಲ್ಲಿ ಹೆಚ್ಚಿನದು ಅದೇ. ಎಲ್ಲವೂ ವಾಪಸ್ ಸಿಗುವಂಥದ್ದಲ್ಲ. ಟೆಂಪ್‌ಎಫ್‌ಎಸ್‌ನಲ್ಲಿ (ರ್ಯಾಮಿನಲ್ಲೇ ಇರುವ ಫೈಲ್ ಜಾಗ) ಇಟ್ಟ ಫೈಲುಗಳೂ ಅದೇ ಲೆಕ್ಕದಲ್ಲಿ ಬರುತ್ತವೆ, ಅವನ್ನು ಕರ್ನೆಲ್ (ಲಿನಕ್ಸಿನ ತಿರುಳು) ಹಾಗೆ ಎಸೆಯೋದಕ್ಕಾಗಲ್ಲ. ಅದನ್ನೆಲ್ಲ ಕಳೆದು, ಹೊಸದಾಗಿ ಕೇಳಿದರೆ ಎಷ್ಟು ಕೊಡಬಹುದು ಅಂತ ಕರ್ನೆಲ್ ತಾನೇ ಅಂದಾಜು ಮಾಡಿ ಹೇಳುವ ಸಂಖ್ಯೆ ಅವೈಲಬಲ್. 2014ರ ಕರ್ನೆಲ್ 3.14ರಿಂದ ಇದು ಇದೆ. ಅದಕ್ಕೂ ಮುಂಚೆ ನಾವೆಲ್ಲ ಬಫರ್, ಕ್ಯಾಶ್ ಕೂಡಿಸಿ ಕಳೆದು ಲೆಕ್ಕ ಹಾಕ್ತಿದ್ದೆವು. ಈಗಲೂ ಹಳೆಯ ಲೇಖನ ಓದಿ ಅದನ್ನೇ ಮಾಡುವವರಿದ್ದಾರೆ.

ಕ್ಯಾಶ್ ಖಾಲಿ ಮಾಡುವ ಚಟ ನನಗೂ ಇತ್ತು. ಮೊದಲ ಕೆಲಸದಲ್ಲಿ ಇದೇ ಸಾಲನ್ನು ಕ್ರಾನ್‌ಗೆ ಹಾಕಿ, ಫ್ರೀ ಕಾಲಂ ಏರಿದ್ದು ನೋಡಿ ಮ್ಯಾನೇಜರ್‌ಗೆ ಸ್ಕ್ರೀನ್‌ಶಾಟ್ ಬೇರೆ ಕಳಿಸಿದ್ದೆ. ಗಂಟೆ ಹೊಡೆದಾಗಲೆಲ್ಲ ಸೈಟ್ ಐದು ನಿಮಿಷ ತೆವಳುತ್ತಿತ್ತು, ಯಾಕಂದರೆ ಎಲ್ಲವನ್ನೂ ಮತ್ತೆ ಡಿಸ್ಕಿಂದ ಓದಬೇಕು. ಎರಡಕ್ಕೂ ಸಂಬಂಧ ಇದೆ ಅಂತ ಹೊಳೆಯಲು ನನಗೆ ಮೂರು ವಾರ ಬೇಕಾಯಿತು.

ರಾತ್ರಿಪಾಳಿ:

ಮೇಲಿನವರು ಹೇಳಿದ್ದು ಸರಿ, ಆದರೆ ಕಾಯಿಲೆ ಇರುವುದು ರಾತ್ರಿಯಲ್ಲಿ ಸರ್. ಹಗಲು ನೋಡಿದ 739 ನೆಮ್ಮದಿಯ ಸಂಖ್ಯೆ. ಸತ್ತ ಹೊತ್ತಿನಲ್ಲಿ ಏನಿತ್ತು ಅಂತ ಅದು ಹೇಳಲ್ಲ. ಸತ್ತವರ ಪಂಚನಾಮೆ ಕರ್ನೆಲ್ ಬರೆದಿಟ್ಟಿರುತ್ತದೆ, ಅದನ್ನು ತೆಗೆದು ನೋಡಿ. 'ಸುಡೊ ಡಿಮೆಸೇಜ್ -ಟಿ' (sudo dmesg -T), ಟಿ ದೊಡ್ಡಕ್ಷರ. ಅದರಲ್ಲಿ 'ಕಿಲ್ಡ್ ಪ್ರಾಸೆಸ್' ಅಂತ ಹುಡುಕಿ. ಮಧ್ಯೆ ಮಶೀನ್ ರೀಬೂಟ್ ಮಾಡಿದ್ದರೆ ಅದರಲ್ಲಿ ಹಳೆಯದು ಇರುವುದಿಲ್ಲ, ಆಗ 'ಜರ್ನಲ್‌ಸಿಟಿಎಲ್ -ಕೆ -ಬಿ -1'. (ಕಮಾಂಡ್ ಕನ್ನಡದಲ್ಲಿ ಬರೆದಿದ್ದೇನೆ, ಹೊಡೆಯುವಾಗ ಇಂಗ್ಲಿಷ್ ಅಕ್ಷರ.)

ಸಿಕ್ಕಿದ್ದನ್ನು ಇಲ್ಲಿ ಹಾಕಿ.

ಅಡಿಕೆತೋಟ:

ಸಿಕ್ಕಿತು! ಮೂರು ದಿನ, ಮೂರೂ ಸಲ ರಾತ್ರಿ 2 ಗಂಟೆ ದಾಟಿ ಹತ್ತು ನಿಮಿಷದ ಆಸುಪಾಸು. 'ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರಾಸೆಸ್', ಕಂಸದಲ್ಲಿ ಮೈಎಸ್‌ಕ್ಯೂಎಲ್‌ಡಿ. ಅನಾನ್-ಆರ್‌ಎಸ್‌ಎಸ್ ಎದುರು 4,41,000 ಚಿಲ್ಲರೆ ಕೆಬಿ. ಹಾಗಾದರೆ ಮೆಮೊರಿ ತಿನ್ನುತ್ತಿರುವುದು ಮೈಎಸ್‌ಕ್ಯೂಎಲ್ಲೇ ಅಂತಾಯ್ತಲ್ಲ?

ಡಿಬಿಅಕ್ಕ:

ಅಯ್ಯೋ, ಇಲ್ಲಪ್ಪ. ಹದಿನೈದು ವರ್ಷದಿಂದ ಡೇಟಾಬೇಸ್ ನೋಡಿಕೊಳ್ತಿದ್ದೇನೆ, ಈ ಆರೋಪ ಕೇಳಿ ಕೇಳಿ ಸಾಕಾಗಿದೆ. ಸತ್ತವನೇ ಕಳ್ಳ ಅಂತ ಕೇಸ್ ಮುಚ್ಚಿಬಿಡ್ತಾರೆ.

ಓಓಎಂ ಕಿಲ್ಲರ್ (ಔಟ್ ಆಫ್ ಮೆಮೊರಿ ಆದಾಗ ಪ್ರಾಸೆಸ್ ಕೊಲ್ಲುವ ಕರ್ನೆಲ್ ಭಾಗ) ಕೆಲಸ ಮಾಡುವುದು ಹೀಗೆ. ಯಾರೋ ಒಬ್ಬ ಮೆಮೊರಿ ಕೇಳುತ್ತಾನೆ, ಕೊಡಲು ಏನೂ ಉಳಿದಿಲ್ಲ, ಸ್ವಾಪೂ (ರ್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಇಲ್ಲ. ಆಗ ಕರ್ನೆಲ್ ಯಾರನ್ನು ಕೊಂದರೆ ಜಾಸ್ತಿ ಜಾಗ ಸಿಗುತ್ತದೆ ಅಂತ ಅಂಕ ಹಾಕುತ್ತದೆ. ಒಂಟಿಯಾಗಿ ದಪ್ಪ ಇರುವವನು ಸಿಕ್ಕಿಬೀಳುತ್ತಾನೆ. ಸಣ್ಣ ಸರ್ವರಿನಲ್ಲಿ ಅದು ಸಾಮಾನ್ಯವಾಗಿ ಡೇಟಾಬೇಸೇ. ಕೇಳಿದವನು ಬೇರೆ, ಸತ್ತವನು ಬೇರೆ.

ಈಗ ಆ ಕಿಲ್ಡ್ ಸಾಲಿನಿಂದ ಸ್ವಲ್ಪ ಮೇಲಕ್ಕೆ ಹೋಗಿ. ಉದ್ದದ ಒಂದು ಪಟ್ಟಿ ಇರುತ್ತದೆ, ಆ ಕ್ಷಣದಲ್ಲಿ ಓಡುತ್ತಿದ್ದ ಎಲ್ಲ ಪ್ರಾಸೆಸ್‌ಗಳದ್ದು. ಅಸಲಿ ಮಾಹಿತಿ ಇರುವುದು ಅಲ್ಲಿ, ಆದರೆ ಬಹಳ ಜನ ಅದನ್ನು ಕಸ ಅಂತ ದಾಟಿ ಹೋಗ್ತಾರೆ. ಒಂದು ಎಚ್ಚರಿಕೆ: ಅದರಲ್ಲಿ ಆರ್‌ಎಸ್‌ಎಸ್ (ಪ್ರಾಸೆಸ್ ನಿಜಕ್ಕೂ ರ್ಯಾಮಿನಲ್ಲಿ ಹಿಡಿದಿರುವ ಜಾಗ) ಕಾಲಂ ಕೆಬಿಯಲ್ಲಿ ಇರುವುದಿಲ್ಲ, ಪೇಜುಗಳಲ್ಲಿ ಇರುತ್ತದೆ. ನಿಮ್ಮಂಥ ಮಶೀನಲ್ಲಿ ಒಂದು ಪೇಜ್ ಅಂದರೆ 4 ಕೆಬಿ, ಹಾಗಾಗಿ ನಾಲ್ಕರಿಂದ ಗುಣಿಸಬೇಕು. ಕೆಳಗಿನ ಕಿಲ್ಡ್ ಸಾಲು ಮಾತ್ರ ಕೆಬಿಯಲ್ಲಿ. ಒಂದೇ ವರದಿಯಲ್ಲಿ ಎರಡು ಅಳತೆ! ನಾನು ಇದು ಗೊತ್ತಿಲ್ಲದೆ ಒಂದಿಡೀ ದಿನ, ಎಲ್ಲಾ ಕೂಡಿಸಿದರೂ 500 ಎಂಬಿ ಆಗ್ತಿಲ್ಲ, ಉಳಿದದ್ದು ಎಲ್ಲಿ ಮಾಯ ಆಯ್ತು ಅಂತ ತಲೆ ಕೆಡಿಸಿಕೊಂಡಿದ್ದೆ.

ಹಗಲು ಹೊತ್ತಿನ ಚಿತ್ರ ಬೇಕಾದರೆ 'ಪಿಎಸ್ ಎಯುಎಕ್ಸ್ --ಸಾರ್ಟ್=-ಆರ್‌ಎಸ್‌ಎಸ್', ಅದರ ನಂತರ ಪೈಪ್ (|) ಹಾಕಿ 'ಹೆಡ್' ಬರೆಯಿರಿ. ಇಲ್ಲವೇ 'ಟಾಪ್' ತೆರೆದು ದೊಡ್ಡ ಎಂ ಒತ್ತಿ, ಮೆಮೊರಿ ಪ್ರಕಾರ ಜೋಡಿಸಿ ಕೊಡುತ್ತದೆ. ವಿರ್ಟ್ ಅನ್ನುವ ಕಾಲಂ ನೋಡಿ ಹೆದರಬೇಡಿ. ಅದು ಪ್ರೋಗ್ರಾಂ ಬೇಕಾಗಬಹುದು ಅಂತ ಹೆಸರು ಬರೆಸಿಟ್ಟ ಜಾಗ, ನಿಜಕ್ಕೂ ಕೂತದ್ದು ರೆಸ್ ಕಾಲಂನಲ್ಲಿರುವಷ್ಟು.

ಅಡಿಕೆತೋಟ:

ಅಕ್ಕಾ, ಪಟ್ಟಿ ನೋಡಿದೆ. ಮೈಎಸ್‌ಕ್ಯೂಎಲ್‌ಡಿ 1,15,000 ಪೇಜು, ಅಂದರೆ 450 ಎಂಬಿ ಹತ್ತಿರ. ಪಿಎಚ್‌ಪಿ-ಎಫ್‌ಪಿಎಂ (ವರ್ಡ್‌ಪ್ರೆಸ್ ಪುಟ ತಯಾರಿಸುವುದು ಇದೇ) ಹನ್ನೆರಡು ಸಾಲು ಇದೆ. ಹನ್ನೊಂದರಲ್ಲಿ ತಲಾ 21,000 ಪೇಜು. ಒಂದು ಮಾತ್ರ 97,000! ಅದು ಸುಮಾರು 380 ಎಂಬಿ ಆಗುತ್ತದೆ. ಎಲ್ಲ ಕೂಡಿಸಿದರೆ 1,730 ಎಂಬಿ ಬಂತು.

ಡಿಬಿಅಕ್ಕ:

ನೋಡಿ, ಸಿಕ್ಕಿದ. ಆ ದಪ್ಪನೆಯವನು ಯಾರು? ರಾತ್ರಿ 2 ಗಂಟೆಗೆ ಬ್ಯಾಕಪ್ ತೆಗೆಯುವ ಪ್ಲಗಿನ್ ಏನಾದ್ರೂ ಹಾಕಿದ್ದೀರಾ?

ಆಮೇಲೆ ಹಾಗೆ ಕೂಡಿಸಿದ ಮೊತ್ತ ನಿಜಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಪಿಎಚ್‌ಪಿ ಮಕ್ಕಳೆಲ್ಲ ಒಂದಷ್ಟು ಮೆಮೊರಿ ಹಂಚಿಕೊಂಡಿರುತ್ತವೆ, ಆರ್‌ಎಸ್‌ಎಸ್ ಅದನ್ನು ಪ್ರತಿಯೊಬ್ಬರ ಲೆಕ್ಕಕ್ಕೂ ಬರೆಯುತ್ತದೆ. ಒಂದೇ ಮನೆಯ ಹನ್ನೆರಡು ಜನರನ್ನು ನಿಮಗೆಷ್ಟು ಮನೆ ಅಂತ ಕೇಳಿದರೆ ಹನ್ನೆರಡು ಮನೆ ಆದ ಹಾಗೆ. ಪಾಲು ಹಂಚಿದ ಲೆಕ್ಕ ಬೇಕಾದರೆ ಪಿಎಸ್‌ಎಸ್ ಅಂತ ಇದೆ, 'ಎಸ್‌ಮೆಮ್' ಇನ್‌ಸ್ಟಾಲ್ ಮಾಡಿದರೆ ಕಾಣುತ್ತದೆ. ನಿಮ್ಮ ಕೇಸಿಗೆ ಅಷ್ಟು ಸೂಕ್ಷ್ಮ ಬೇಡ.

ಅಡಿಕೆತೋಟ:

ಹೌದು, ಬ್ಯಾಕಪ್ ಪ್ಲಗಿನ್ ಇದೆ. ಸಮಯ 2 ಗಂಟೆ ಅಂತ ನಾನೇ ಇಟ್ಟಿದ್ದು. ಆದರೆ ಅದು ದಿನಾ ಓಡುತ್ತದೆ, ಸಾಯುವುದು ವಾರಕ್ಕೆ ಎರಡು ಮೂರು ಸಲ ಮಾತ್ರ.

ರಾತ್ರಿಪಾಳಿ:

ಬ್ಯಾಕಪ್ ಒಂದೇ ಬಂದರೆ ಸುಧಾರಿಸಿಕೊಳ್ಳುತ್ತದೆ, ಅದೇ ಹೊತ್ತಿಗೆ ಯಾವುದೋ ಬಾಟ್ (ಸೈಟುಗಳನ್ನು ತಾನಾಗಿ ಓದುವ ಪ್ರೋಗ್ರಾಂ) ಬಂದು ಪುಟ ಪುಟ ಕೆದಕಿದರೆ ಹನ್ನೆರಡೂ ಪಿಎಚ್‌ಪಿ ಎದ್ದು ನಿಲ್ಲುತ್ತವೆ, ಆಗ ಹೋಯಿತು. ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್) ಲಾಗ್‌ನಲ್ಲಿ ಆ ಹತ್ತು ನಿಮಿಷ ನೋಡಿದರೆ ಕಾಣುತ್ತದೆ.

ಇಂಥದ್ದಕ್ಕೆ ನಾನು ಮಾಡುವುದು ಏನೆಂದರೆ, ನಿದ್ದೆಗೆಟ್ಟು ಕೂರಬಾರದು, ಮಶೀನೇ ಬರೆದಿಡಲಿ. 'ಸಿಸ್‌ಸ್ಟಾಟ್' ಪ್ಯಾಕೇಜ್ ಹಾಕಿ, ಅದರ ಡಿಫಾಲ್ಟ್ ಫೈಲಲ್ಲಿ ಎನೇಬಲ್ಡ್ ಎದುರು ಟ್ರೂ ಅಂತ ಮಾಡಿ (ಹಾಕಿದ ತಕ್ಷಣ ಶುರುವಾಗಲ್ಲ, ಇಲ್ಲಿ ತುಂಬಾ ಜನ ಎಡವುತ್ತಾರೆ). ಹತ್ತು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತದೆ, ಬೆಳಿಗ್ಗೆ 'ಸಾರ್ -ಆರ್' ಹೊಡೆದು ಕಾಫಿ ಕುಡೀತಾ ನೋಡಬಹುದು. ಆದರೆ ಹತ್ತು ನಿಮಿಷದ ಮಧ್ಯೆ ಏರಿ ಇಳಿದದ್ದು ಇದರಲ್ಲಿ ಸಿಗಲ್ಲ. ಅದಕ್ಕೆ ನಾನು ಕೆಲವು ದಿನದ ಮಟ್ಟಿಗೆ ಕ್ರಾನ್‌ನಲ್ಲಿ ನಿಮಿಷಕ್ಕೊಮ್ಮೆ ತಾರೀಕು, 'ಫ್ರೀ -ಎಂ', 'ಪಿಎಸ್'ನ ಮೊದಲ ಹತ್ತು ಸಾಲು ಒಂದು ಫೈಲಿಗೆ ಸೇರಿಸುತ್ತೇನೆ. ಕೆಲಸ ಮುಗಿದ ಮೇಲೆ ತೆಗೆಯಿರಿ. ಒಮ್ಮೆ ಮರೆತು, ಆ ಫೈಲೇ ಬೆಳೆದು ಡಿಸ್ಕ್ ತುಂಬಿ ಅದಕ್ಕೆ ಇನ್ನೊಂದು ರಾತ್ರಿ ಎಚ್ಚರ ಇದ್ದೆ.

ಕಡಲತಡಿ:

ಒಂದು ಬೇರೆ ವಿಷಯ ಸೇರಿಸ್ತೇನೆ ಮಾರಾಯ್ರೆ, ಡಾಕರ್ ಬಳಸುವವರಿಗೆ. ಕಂಟೇನರ್ ಒಳಗೆ ಹೋಗಿ 'ಫ್ರೀ' ಹೊಡೆದರೆ ಸಾಮಾನ್ಯವಾಗಿ ಕಾಣುವುದು ಇಡೀ ಮಶೀನಿನ ಮೆಮೊರಿ, ನಿಮ್ಮ ಕಂಟೇನರಿನ ಮಿತಿ ಅಲ್ಲ. ನಾನು ಒಳಗೆ 60 ಜಿಬಿ ಖಾಲಿ ಕಾಣ್ತಾ ಇದೆ, ಆದರೂ ಯಾಕೆ ಸಾಯ್ತಾ ಇದೆ ಅಂತ ಎರಡು ದಿನ ಒದ್ದಾಡಿದ್ದೆ. ಮಿತಿ ಇಟ್ಟದ್ದು 512 ಎಂಬಿ! ಹೊರಗಿಂದ 'ಡಾಕರ್ ಸ್ಟಾಟ್ಸ್' ನೋಡಿ. ಎಗ್ಸಿಟ್ ಕೋಡ್ 137 ಕಂಡರೆ ಯಾರೋ ಸಿಗ್ನಲ್ 9 ಕೊಟ್ಟು ಕೊಂದಿದ್ದಾರೆ ಅಂತ, 128ಕ್ಕೆ 9 ಕೂಡಿಸಿದ್ದು. ಮೊದಲ ಅನುಮಾನ ಮೆಮೊರಿ ಮೇಲೆ ಇರಲಿ.

ಹಳೇಕನ್ಸೋಲು:

ಅಡಿಕೆತೋಟದವರೇ, ಈಗ ಮಾಡಬೇಕಾದ್ದು. ಎಫ್‌ಪಿಎಂ ಕಾನ್ಫಿಗ್‌ನಲ್ಲಿ 'ಪಿಎಂ.ಮ್ಯಾಕ್ಸ್_ಚಿಲ್ಡ್ರನ್' 12 ಇರಬೇಕು, 6ಕ್ಕೆ ಇಳಿಸಿ. ಮೈಎಸ್‌ಕ್ಯೂಎಲ್‌ಗೆ 450, ಸಿಸ್ಟಮ್‌ಗೆ 300 ಬಿಟ್ಟರೆ ಉಳಿದದ್ದರಲ್ಲಿ ಆರು ಮಕ್ಕಳು ಆರಾಮಾಗಿ ಕೂರುತ್ತವೆ. ಏಳನೆಯವನು ಬಂದರೆ ಒಂದೆರಡು ಸೆಕೆಂಡ್ ಕಾಯಲಿ, ಸೈಟ್ ಸಾಯುವುದಕ್ಕಿಂತ ವಾಸಿ. ಡೇಟಾಬೇಸ್ ಬ್ಯಾಕಪ್ಪನ್ನು ಪ್ಲಗಿನ್ ಕೈಯಿಂದ ಕಿತ್ತು 'ಮೈಎಸ್‌ಕ್ಯೂಎಲ್‌ಡಂಪ್'ಗೆ ಕೊಡಿ, ಪೈಪ್ ಹಾಕಿ ಜಿಜಿಪ್‌ಗೆ ಬಿಡಿ. ಅದು ಸಾಲು ಸಾಲಾಗಿ ಓದಿ ದಾಟಿಸುತ್ತದೆ, ಇಡೀ ಟೇಬಲನ್ನು ಹೊತ್ತುಕೊಂಡು ಕೂರುವುದಿಲ್ಲ. ಫೋಟೊಗಳಿಗೆ ಆರ್‌ಸಿಂಕ್ ಸಾಕು.

1 ಜಿಬಿ ಸ್ವಾಪ್ ಫೈಲ್ ಕೂಡ ಮಾಡಿ. 'ಫಾಲೋಕೇಟ್', 'ಸಿಎಚ್‌ಮಾಡ್ 600', 'ಎಂಕೆಸ್ವಾಪ್', 'ಸ್ವಾಪಾನ್', ಆಮೇಲೆ ಬೂಟ್ ಆದಾಗ ತಾನಾಗಿ ಹತ್ತಲು ಎಫ್‌ಎಸ್‌ಟ್ಯಾಬ್‌ ಫೈಲಲ್ಲಿ ಒಂದು ಸಾಲು. ಸ್ವಾಪ್ ಸ್ವಲ್ಪ ಬಳಕೆಯಾದರೆ ಗಾಬರಿ ಬೇಡ, ಮಲಗಿದ ಪೇಜುಗಳು ಅಲ್ಲಿ ಮಲಗಿರಲಿ. 'ವಿಎಂಸ್ಟಾಟ್ 5' ಹಾಕಿ ಎಸ್‌ಐ, ಎಸ್‌ಒ (ಸ್ವಾಪ್‌ನಿಂದ ಒಳಗೆ, ಸ್ವಾಪ್‌ಗೆ ಹೊರಗೆ) ಎರಡೂ ಕಾಲಂ ಬಿಡದೆ ಓಡುತ್ತಿದ್ದರೆ ಮಾತ್ರ ತೊಂದರೆ. ಮೊದಲ ಸಾಲು ಬಿಟ್ಟುಬಿಡಿ, ಅದು ಬೂಟ್ ಆದಾಗಿನಿಂದ ಸರಾಸರಿ.

ಮತ್ತೊಂದು. ಮುಂದೆ ಉಬುಂಟು 24.04ಕ್ಕೆ ಹೋದರೆ ಯೂಸ್ಡ್ ಸಂಖ್ಯೆ ಬದಲಾದ ಹಾಗೆ ಕಾಣಬಹುದು. ಹೊಸ 'ಫ್ರೀ' ಟೋಟಲ್‌ನಲ್ಲಿ ಅವೈಲಬಲ್ ಕಳೆದು ಯೂಸ್ಡ್ ತೋರಿಸುತ್ತದೆ, ಹಳೆಯದರ ಲೆಕ್ಕ ಬೇರೆ. ಅಪ್‌ಗ್ರೇಡ್ ಮಾಡಿ ಮೆಮೊರಿ ಜಾಸ್ತಿ ತಿನ್ನುತ್ತಿದೆ ಅಂತ ಇಲ್ಲಿ ಬಂದು ಬರೆಯಬೇಡಿ!

ಅಡಿಕೆತೋಟ:

ಹನ್ನೆರಡು ದಿನ ಆಯಿತು, ಹೇಳೋಣ ಅಂತ ಬಂದೆ. ಎಲ್ಲ ಮಾಡಿದೆ. ಲಾಗ್‌ನಲ್ಲಿ ಬಾಟ್ ಇದ್ದದ್ದೂ ನಿಜ, ಸತ್ತ ಮೂರು ರಾತ್ರಿಯೂ ಅದೇ ಹೊತ್ತಿಗೆ ಬಂದಿತ್ತು. ಡಿಮೆಸೇಜ್‌ನಲ್ಲಿ ಹೊಸ ಸಾವು ಯಾವುದೂ ಇಲ್ಲ. ಇವತ್ತು ಬೆಳಿಗ್ಗೆ ಅವೈಲಬಲ್ 905, ಸ್ವಾಪ್ 112 ಎಂಬಿ ಬಳಕೆ, ಎಸ್‌ಐ ಎಸ್‌ಒ ಸೊನ್ನೆ. ಫ್ರೀ ಕಾಲಂ ಈಗ 71, ಮೊದಲಿಗಿಂತ ಕಮ್ಮಿ!

ಗೆಳೆಯನಿಗೆ ಈ ಅಂಗಳದ ಕತೆ ಹೇಳಿದೆ. ಒಪ್ಪಲಿಲ್ಲ. ಅವನ ಸರ್ವರಲ್ಲಿ ಆ ಕ್ರಾನ್ ಇನ್ನೂ ಗಂಟೆಗೊಮ್ಮೆ ಓಡ್ತಾ ಇದೆ.