ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಹೇಳಲು ನೆಟ್‌ನಲ್ಲಿ ಸಿಗುವುದನ್ನು ಹೇಗೆ ಬಳಸುತ್ತೀರಿ?

ಹೊಸನಗರದ ಟೀಚರ್:

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಪ್ರೊಜೆಕ್ಟರ್ ಇದೆ, ಲ್ಯಾಪ್‌ಟಾಪ್ ಇದೆ. ನೆಟ್‌ವರ್ಕ್ ಮಾತ್ರ ಕೇಳಬೇಡಿ, ಮಳೆ ಹಿಡಿದರೆ ಕರೆಂಟೂ ಇರುವುದಿಲ್ಲ. ಈ ವರ್ಷ ಇತಿಹಾಸಕ್ಕೆ ಆನ್‌ಲೈನ್‌ನಲ್ಲಿ ಇರುವುದನ್ನು ಸರಿಯಾಗಿ ಬಳಸಬೇಕು ಅಂತ ತುಂಬಾ ಆಸೆ. ಆದರೆ ಯೂಟ್ಯೂಬ್ ತೆರೆದರೆ ಒಂದೇ ವಿಷಯಕ್ಕೆ ರಾಶಿ ವಿಡಿಯೊ, ಹಿಂದೆ ಅಬ್ಬರದ ಸಂಗೀತ, ಇಸವಿ ಒಂದೊಂದರಲ್ಲಿ ಒಂದೊಂದು.

ಕೆಳದಿ ಚೆನ್ನಮ್ಮನ ಬಗ್ಗೆ ಬರೆದುಕೊಂಡು ಬನ್ನಿ ಎಂದರೆ ಸುಮಾರು ಮಕ್ಕಳು ಕಿತ್ತೂರು ಚೆನ್ನಮ್ಮನ ಚಿತ್ರ ಅಂಟಿಸಿಕೊಂಡು ಬಂದರು. ಒಬ್ಬ ಹುಡುಗ ಇಬ್ಬರನ್ನೂ ಸೇರಿಸಿ ಒಂದೇ ಕಥೆ ಮಾಡಿದ್ದಾನೆ. ಕೆಳದಿಯ ರಾಣಿಯ ಆಳ್ವಿಕೆ ಮುಗಿದದ್ದು 1697ರಲ್ಲಿ, ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ. ಮಕ್ಕಳನ್ನು ಬೈದು ಏನು ಪ್ರಯೋಜನ, ಫೋನಿನಲ್ಲಿ ಮೊದಲು ಕಂಡದ್ದನ್ನು ಬರೆದಿದ್ದಾರೆ. ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ನಗರ ಎಂಬ ಊರಿನ ಕೋಟೆ ಪಕ್ಕದಲ್ಲೇ ಬಸ್ಸಿನಲ್ಲಿ ಓಡಾಡುವ ಮಕ್ಕಳಿವರು, ಪುಸ್ತಕದಲ್ಲಿ ಬರುವ ಬಿದನೂರು ಅಂದರೆ ಇದೇ ನಗರ ಅಂತ ಗೊತ್ತಿಲ್ಲ, 1763ರಲ್ಲಿ ಹೈದರಾಲಿ ಗೆದ್ದುಕೊಂಡದ್ದು ಇದೇ ಕೋಟೆಯನ್ನು ಅಂತಲೂ ಗೊತ್ತಿಲ್ಲ. ನೀವೆಲ್ಲ ಏನು ತೋರಿಸುತ್ತೀರಿ, ಹೇಗೆ ತೋರಿಸುತ್ತೀರಿ?

ಶಿಕಾರಿಪುರದ ಮೇಷ್ಟ್ರು:

ಟೀಚರ್, ವಿಡಿಯೊದಿಂದ ಶುರು ಮಾಡಬೇಡಿ. ಶಾಸನದಿಂದ ಶುರು ಮಾಡಿ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟಗಳು ಪುಕ್ಕಟೆ ಸಿಗುತ್ತವೆ. ಬಿ. ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಮಾಡಿಸಿದ ಕೆಲಸ. ನಮ್ಮ ಜಿಲ್ಲೆಯದು 7 ಮತ್ತು 8ನೇ ಸಂಪುಟ. ಶಿವಮೊಗ್ಗ, ಶಿಕಾರಿಪುರ 7ರಲ್ಲಿ. ಸೊರಬ, ಸಾಗರ, ತೀರ್ಥಹಳ್ಳಿ 8ರಲ್ಲಿ. ನಿಮ್ಮ ಕಡೆಯದೂ 8ರಲ್ಲೇ, ಆಗಿನ ನಗರ ತಾಲ್ಲೂಕು ಅಂತ ನೋಡಿ. ಪೇಟೆಗೆ ಹೋದಾಗ ಒಂದು ಸಲ ಡೌನ್‌ಲೋಡ್ ಮಾಡಿಕೊಂಡರೆ ಆಯ್ತು, ಆಮೇಲೆ ನೆಟ್ ಬೇಕಿಲ್ಲ. ಪ್ರತಿ ಶಾಸನಕ್ಕೂ ಕನ್ನಡ ಲಿಪಿಯ ಪಾಠ ಇದೆ, ಇಂಗ್ಲಿಷ್ ಅನುವಾದ ಇದೆ. ಊರಿನ ಹೆಸರು ಹಳೇ ಸ್ಪೆಲಿಂಗಿನಲ್ಲಿ ಇರುತ್ತದೆ, ಬಳ್ಳಿಗಾವಿಯನ್ನು ಬೆಳಗಾಮಿ ಅಂತ ಹುಡುಕಬೇಕು. ಸ್ವಲ್ಪ ತಾಳ್ಮೆ ಬೇಕಾಗುತ್ತದೆ.

ನಿಮ್ಮ ಶಾಲೆಗೆ ಹತ್ತಿರದ ಊರಿನ ಒಂದೇ ಒಂದು ದಾನಶಾಸನ ಆರಿಸಿ. ಒಂದು ಪುಟ ಝೆರಾಕ್ಸ್ ಮಾಡಿಸಿ ಮಕ್ಕಳ ಕೈಗೆ ಕೊಡಿ. ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಯಾವ ಗದ್ದೆ, ಅದರ ಗಡಿ ಎಲ್ಲಿಂದ ಎಲ್ಲಿಗೆ? ಗಡಿ ಹೇಳುವಾಗ ಹಳ್ಳ, ಮರ, ಕಲ್ಲು, ಕೆರೆ ಎಲ್ಲ ಬರುತ್ತವೆ. ಮಕ್ಕಳು ತಾವೇ "ಸಾರ್, ಆ ಹಳ್ಳ ನಮ್ಮ ತೋಟದ ಕೆಳಗೇ ಇದೆ" ಅನ್ನುತ್ತಾರೆ. ಕೊನೆಗೆ ಶಾಪ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ ಶ್ಲೋಕ ಇರುತ್ತದೆ. ತರಗತಿ ಪೂರ್ತಿ ನಗುತ್ತದೆ, ನಗಲಿ. ಆಗಲೇ ಕೇಳಬೇಕು: ಇಷ್ಟು ಘೋರ ಶಾಪ ಯಾಕೆ ಹಾಕಿದರು? ಅಂದರೆ ಭೂಮಿ ಕಿತ್ತುಕೊಳ್ಳುವವರು ಆಗಲೂ ಇದ್ದರು ಅಲ್ವಾ? ಇಂಥ ಪ್ರಶ್ನೆಗೆ ಯಾವ ವಿಡಿಯೊವೂ ಮಕ್ಕಳನ್ನು ತಂದು ನಿಲ್ಲಿಸುವುದಿಲ್ಲ.

ಇನ್ನೊಂದು. ಮೊದಲ ಕನ್ನಡ ಶಾಸನ ಹಲ್ಮಿಡಿ, ಸುಮಾರು 450 ಅಂತ ನಾವೆಲ್ಲ ಓದಿದ್ದೇವೆ. ನಮ್ಮ ತಾಳಗುಂದದಲ್ಲಿ ಸಿಕ್ಕ ಸಿಂಹ ಕಟಾಂಜನ ಶಾಸನ ಕ್ರಿ.ಶ. 370ರ ಸುಮಾರಿನದು ಎಂದು ಪುರಾತತ್ವ ಇಲಾಖೆ ಹೇಳಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಹೊಸ ಕಲ್ಲು ಸಿಕ್ಕರೆ ಪಾಠವೂ ಬದಲಾಗಬಹುದು ಅಂತ ಮಕ್ಕಳಿಗೆ ಕಾಣಬೇಕು.

ತೀರ್ಥಹಳ್ಳಿ ಕಡೆಯವನು:

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ. ಆದರೆ ಪೋರ್ಷನ್ ಮುಗಿಸಬೇಕಲ್ಲ ಸಾರ್. ಒಂದು ಶಾಸನಕ್ಕೆ ಒಂದು ಪೀರಿಯಡ್ ಹೋದರೆ ಹತ್ತನೇ ಕ್ಲಾಸಿನವರ ಗತಿ? ಅದೂ ಅಲ್ಲದೆ ಆ ಇಂಗ್ಲಿಷ್ ನಮ್ಮ ಮಕ್ಕಳಿಗೆ ಕಷ್ಟ. ಅನುವಾದವನ್ನು ನಾವೇ ಮೊದಲು ಕನ್ನಡದಲ್ಲಿ ಬರೆದುಕೊಳ್ಳಬೇಕು, ಅದಕ್ಕೆ ಒಂದು ಭಾನುವಾರ ಬೇಕು.

ನಾನು ವಿಡಿಯೊ ಬಿಡುವುದಿಲ್ಲ. ಮಕ್ಕಳು ಹೇಗಿದ್ದರೂ ಮನೆಯಲ್ಲಿ ನೋಡುತ್ತಾರೆ, ನನ್ನೆದುರೇ ನೋಡಲಿ. ಅರ್ಧಕ್ಕೆ ನಿಲ್ಲಿಸುತ್ತೇನೆ. ಇಲ್ಲಿವರೆಗೆ ಏನೇನು ಹೇಳಿದರು ಬರೆಯಿರಿ, ಯಾವುದಕ್ಕೆ ಆಧಾರ ಕೊಟ್ಟರು, ಯಾವುದನ್ನು ಸುಮ್ನೆ ಹೇಳಿದರು ಗುರುತು ಹಾಕಿ. ಶಿವಾಜಿಯ ಮಗ ರಾಜಾರಾಮನಿಗೆ ಚೆನ್ನಮ್ಮ ಆಶ್ರಯ ಕೊಟ್ಟದ್ದು, ಔರಂಗಜೇಬನ ಸೈನ್ಯ ಬಂದದ್ದು ಪುಸ್ತಕಗಳಲ್ಲೂ ಇದೆ. ಚೆನ್ನಮ್ಮ, ರಾಜಾರಾಮ ಆಡಿದರು ಎನ್ನುವ ಡೈಲಾಗ್ ಎಲ್ಲಿಂದ ಬಂತು? ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ. ಅವಳು ಪಟ್ಟಕ್ಕೆ ಬಂದದ್ದು ಒಂದು ಕಡೆ 1671, ಇನ್ನೊಂದು ಕಡೆ 1672 ಅಂತ ಇರುತ್ತದೆ, ಅದನ್ನೂ ಮುಚ್ಚಿಡದೆ ತೋರಿಸುತ್ತೇನೆ.

ಸಾಗರದವಳು:

ನಾನು ಶಿಕ್ಷಕಿ ಅಲ್ಲ, ಲೈಬ್ರರಿಯಲ್ಲಿ ಕೆಲಸ. ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಕ್ಷೆ ನೋಡುತ್ತೇವೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ತಾಣದಲ್ಲಿ 1950ರ ದಶಕದ ಭಾರತದ ನಕ್ಷೆಗಳಿವೆ. ಲಿಂಗನಮಕ್ಕಿ ಡ್ಯಾಮ್ ಆದದ್ದು 1964ರಲ್ಲಿ, ಅದಕ್ಕಿಂತ ಹಿಂದಿನವು ಇವು. ಅದರ ಪಕ್ಕ ಈಗಿನ ಗೂಗಲ್ ಅರ್ಥ್ ತೆರೆದು ಕೂರುತ್ತೇವೆ. ಶರಾವತಿ ಹಿನ್ನೀರಿನಿಂದ ಎದ್ದು ಬಂದ ಮನೆಗಳ ಮಕ್ಕಳು ಇಲ್ಲಿ ತುಂಬಾ ಜನ ಇದ್ದಾರೆ. ಅಜ್ಜಿ ಹೇಳುವ ಊರು ಈಗ ನೀರು ಇರುವ ಜಾಗದಲ್ಲಿತ್ತು ಅಂತ ಪರದೆ ಮೇಲೆ ಬೆರಳಿಟ್ಟು ನೋಡಿದ ಮೇಲೆ, ಅದೇ ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ಆ ರೆಕಾರ್ಡಿಂಗ್ ಜೋಪಾನ ಮಾಡಿ ಇಡಿ ಟೀಚರ್, ಹೇಳುವವರು ಕಡಿಮೆಯಾಗುತ್ತಿದ್ದಾರೆ.

ಗೇಣಿ ರೈತರು ನಡೆಸಿದ 1951ರ ಕಾಗೋಡು ಸತ್ಯಾಗ್ರಹಕ್ಕೂ ಹೀಗೇ ಮಾಡಬಹುದು. ಗೇಣಿ ಅಳೆಯುವ ಕೊಳಗದ ಜಗಳ ಅದರಲ್ಲಿ ದೊಡ್ಡದು. ಯಾರ ಮನೆ ಅಟ್ಟದಲ್ಲಾದರೂ ಕೊಳಗ ಇದ್ದರೆ ತರಿಸಿ, ಆಮೇಲೆ ಸಮಾಜವಾದಿ ನಾಯಕ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೆ ಒಳಗಾದದ್ದನ್ನು ಓದಿಸಿ.

ಬುಕಾನನ್‌ನ ಪ್ರವಾಸದ ಪುಸ್ತಕವೂ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. 1801ರಲ್ಲಿ ಇಕ್ಕೇರಿ, ನಗರ ಎಲ್ಲ ನೋಡಿ ಅಡಿಕೆ ತೋಟದ ಬಗ್ಗೆ ಬರೆದಿದ್ದಾನೆ. ತೋಟದ ಮನೆಯ ಮಕ್ಕಳು ಅವನ ತಪ್ಪು-ಸರಿ ಹೇಳಬಲ್ಲರು. ಟಿಪ್ಪು ತೀರಿಕೊಂಡ ಮೇಲೆ ಕಂಪನಿ ಸರ್ಕಾರ ಕಳಿಸಿದ ಮನುಷ್ಯ, ಯಾಕೆ ಕಳಿಸಿದರು ಅಂತಲೂ ಕೇಳಿಸಿ.

ಹೊಸನಗರದ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 8ನೇ ಸಂಪುಟ ಇಳಿಸಿಕೊಂಡೆ. ಒಂಬತ್ತನೇ ಕ್ಲಾಸಿನಿಂದ ಶುರು ಮಾಡುತ್ತೇನೆ, ಅಲ್ಲಿ ಪೋರ್ಷನ್ ಒತ್ತಡ ಕಡಿಮೆ. ನಮ್ಮೂರ ದೇವಸ್ಥಾನದ ಹಿಂದೆ ಒಂದು ವೀರಗಲ್ಲು ಇದೆ, ಕೆಳಗೆ ಎರಡು ಸಾಲು ಅಕ್ಷರ, ಸವೆದುಹೋಗಿದೆ. ಮಕ್ಕಳ ಕೈಲಿ ಫೋಟೊ ತೆಗೆಸಿದರೆ ಏನೂ ಕಾಣುವುದಿಲ್ಲ. ಸುಣ್ಣ ಬಳಿದು ತೆಗೆಯಬಹುದಾ?

ಶಿಕಾರಿಪುರದ ಮೇಷ್ಟ್ರು:

ಬೇಡವೇ ಬೇಡ. ಸುಣ್ಣ, ಎಣ್ಣೆ, ಬಣ್ಣ ಏನೂ ಹಚ್ಚಬೇಡಿ. ಪಾಚಿಯನ್ನೂ ಕೆರೆಯಲು ಹೋಗಬೇಡಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಓರೆಯಾಗಿ ಹಿಡಿಯಿರಿ. ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣದು, ಪಕ್ಕದಿಂದ ಬಿಟ್ಟರೆ ಅಕ್ಷರದ ಗೀರಿನಲ್ಲಿ ನೆರಳು ಬೀಳುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೊ ತೆಗೆಸಿ. ಮೊದಲು 8ನೇ ಸಂಪುಟದಲ್ಲಿ ಈ ಊರಿನ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಫೋಟೊಗಳನ್ನು ಇಲ್ಲೇ ಹಾಕಿ, ಓದಲು ಬರುವವರು ಇದ್ದಾರೆ.