ಹಳೇ ಸ್ಲ್ಯಾಬ್ ಮೇಲೆ ಬಾತ್‌ರೂಮ್: ಪೈಪ್ ಹೇಗೆ ಇಳಿಸಿದಿರಿ?

ವಿದ್ಯಾಗಿರಿ ಹುಡುಗ (ಬಾಗಲಕೋಟೆ):
ಮೇಲೆ ಒಂದು ರೂಮ್, ಜೊತೆಗೆ ಬಾತ್‌ರೂಮ್ ಕಟ್ಟಿಸುತ್ತಿದ್ದೇವೆ. ಕೆಳಗಡೆ ಅಡುಗೆ ಮನೆ. ಸ್ಲ್ಯಾಬ್ ಹಳೇದು, ಸಂಕನ್ (ಪೈಪ್‌ಗಾಗಿ ಬಾತ್‌ರೂಮ್ ಜಾಗ ತಗ್ಗಿಸಿ ಹಾಕಿದ ಸ್ಲ್ಯಾಬ್) ಬಿಟ್ಟಿಲ್ಲ. ಗೌಂಡಿ ನೆಲ ಒಂದಡಿ ಏರಿಸೋಣ ಅಂತಾನೆ. ಪ್ಲಂಬರ್ ಸ್ಲ್ಯಾಬ್ ಕೊರೆದು ಪೈಪನ್ನು ಅಡುಗೆ ಮನೆ ಮೇಲೆ ತೂಗುಹಾಕೋಣ ಅಂತಾನೆ. ಗಾಳಿ ಆಡಲು ಮೇಲಕ್ಕೆ ಒಯ್ಯುವ ವೆಂಟ್ ಪೈಪ್ ಬೇಕೇ ಬೇಕಾ? ಮಾಡಿಸಿದವರು ಹೇಳಿ.

ಶಹಾಪುರ ಅಕ್ಕ (ಬೆಳಗಾವಿ):
ಪೈಪ್ ನೆಲದೊಳಗೆ ಮುಚ್ಚಬೇಡಿ, ಇಷ್ಟೇ ಹೇಳ್ತೀನಿ. ನಮ್ಮದು ಸಂಕನ್ ಸ್ಲ್ಯಾಬ್. ಗೌಂಡಿ ಇಟ್ಟಂಗಿ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿ, ದುಡ್ಡು ಎಣಿಸಿಕೊಂಡು ಹೋದ. ಒಳಗೆ ಒಂದು ಜಾಯಿಂಟ್ ಸೋರುತ್ತಿತ್ತು. ಗುಂಡಿಯಲ್ಲಿ ನಿಂತ ನೀರು ಹೊರಗೆ ಹೋಗಲು ಒಂದಿಂಚಿನ ಪೈಪನ್ನೂ ಬಿಟ್ಟಿರಲಿಲ್ಲ. ಕೆಳಗಿನ ದೇವರ ಕೋಣೆಯ ಛತ್ತಿನಲ್ಲಿ ಮೊದಲು ಬಿಳಿ ಉಪ್ಪು ಬಂತು, ಆಮೇಲೆ ಪ್ಲಾಸ್ಟರ್ ಹಪ್ಪಳ ಬಿಟ್ಟಿತು.
ಲೆಕ್ಕ ಕೇಳಿ. ಒಡೆಯುವ ಕೂಲಿ 9,000. ಚೂರು ಸಾಗಿಸಲು ಟ್ರ್ಯಾಕ್ಟರ್ 3,500. ವಾಟರ್‌ಪ್ರೂಫಿಂಗ್ 22,000. ಹೊಸ ಟೈಲ್ಸ್, ಕೂಲಿ ಸೇರಿ 41,000. ಕೆಳಗಿನ ಪಿಒಪಿ, ಪೇಂಟ್ 17,500. ಒಟ್ಟು 93,000. ಹಳೇ ಟೈಲ್ಸ್‌ನ ಅದೇ ಬಣ್ಣ ಸಿಗಲೇ ಇಲ್ಲ. ಗೌಂಡಿ ಈಗ ಫೋನ್ ಎತ್ತಲ್ಲ.

ಜಲನಗರದವ (ವಿಜಯಪುರ):
ಅಕ್ಕಾರ, ಸಂಕನ್‌ದು ತಪ್ಪಲ್ಲ, ಮುಚ್ಚುವ ಮೊದಲು ನೀರು ಕಟ್ಟಿ ನೋಡದೇ ಇದ್ದದ್ದು ತಪ್ಪು. ಕೆಳಗಿನ ಬಾಯಿ ಮುಚ್ಚಿ, ಪೈಪ್ ತುಂಬ ನೀರು ನಿಲ್ಲಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಗೊತ್ತಾಗುತ್ತೆ.
ನಮ್ಮದೂ ಹಳೇ ಸ್ಲ್ಯಾಬ್. ಕೊರೆಯಲು ನಾನು ಬಿಡಲಿಲ್ಲ. ಕಮೋಡ್ ಪಿ-ಟ್ರ್ಯಾಪ್ ತಗೊಂಡೆ. ಅದರ ಪೈಪ್ ನೆಲಕ್ಕೆ ಇಳಿಯೋದಿಲ್ಲ, ಹಿಂದಿನ ಗೋಡೆಯಿಂದ ಸೀದಾ ಹೊರಗೆ. ಸ್ನಾನದ ನೀರಿನ ನಹಾಣಿ ಟ್ರ್ಯಾಪ್‌ಗೆ (ವಾಸನೆ ತಡೆಯಲು ಸ್ವಲ್ಪ ನೀರು ನಿಲ್ಲುವ ಬಚ್ಚಲ ಬಾಯಿ) ಮಾತ್ರ ಆಳ ಬೇಕು. ಅರ್ಧ ಅಡಿ ಏರಿಸಿದ್ದು ಸಾಕಾಯಿತು. ಆದರೆ ಟ್ರ್ಯಾಪ್ ಹೊರಗೋಡೆಗೆ ಹತ್ತಿರ ಇರಲಿ. ಅಡಿಗೆ ಕಾಲಿಂಚು ಇಳಿಜಾರು ಅಂದ್ರೆ ಹತ್ತಡಿಗೆ ಎರಡೂವರೆ ಇಂಚು ಅಲ್ಲೇ ಹೋಯ್ತು. ಕಾವಲಿಗೆ ಕೂತವನ ಹಾಗೆ ಲೆವೆಲ್ ಪಟ್ಟಿ ಹಿಡಿದು ನಿಂತಿದ್ದೆ. ಪ್ಲಂಬರ್‌ಗೆ ಸಿಟ್ಟು ಬಂದಿತ್ತು, ಬರಲಿ.

ಶಹಾಪುರ ಅಕ್ಕ:
ನೀರು ಕಟ್ಟಿ ನೋಡೋದು ಮನೆಯವರ ಕೆಲಸಾನಾ? ಹಾಗಾದ್ರೆ ಕೂಲಿ ಯಾಕೆ ಕೊಟ್ಟೆ? ಅರ್ಧ ಅಡಿ ಮೆಟ್ಟಿಲು ನಿಮ್ಮಂಥವರಿಗೆ ಸರಿ. ನಮ್ಮ ಅತ್ತೆಗೆ ಮಂಡಿ ನೋವು.

ನವನಗರ ಮೇಷ್ಟ್ರು (ಬಾಗಲಕೋಟೆ):
ವೆಂಟ್ ಬಗ್ಗೆ ಯಾರೂ ಮಾತಾಡ್ತಿಲ್ಲ. ನಮ್ಮಲ್ಲಿ ಪಕ್ಕದ ಮನೆಯವರು ವಾಸನೆ ಬರುತ್ತೆ ಅಂತ ತಕರಾರು ತೆಗೆದರು. ಪ್ಲಂಬರ್ ನಮಗೆ ಹೇಳದೆ ವೆಂಟ್ ತುದಿಯ ಕೌಲ್ (ಗಾಳಿ ಆಡುವ ಟೋಪಿ) ತೆಗೆದು ಗಾಳಿ ಆಡದ ಕ್ಯಾಪ್ ಬಡಿದ. ಆಮೇಲೆ ಫ್ಲಶ್ ಮಾಡಿದಾಗಲೆಲ್ಲ ಬಚ್ಚಲಲ್ಲಿ ಗುಡುಗುಡು. ನೆಟ್ಟಗೆ ನಿಂತ ಪೈಪಿನಲ್ಲಿ ನೀರು ರಭಸದಿಂದ ಬೀಳುವಾಗ ಹಿಂದಿನಿಂದ ಗಾಳಿ ಎಳೆಯುತ್ತೆ. ಮೇಲೆ ದಾರಿ ಇಲ್ಲದಿದ್ದರೆ ಟ್ರ್ಯಾಪಿನ ನೀರನ್ನೇ ಎಳೆದುಕೊಳ್ಳುತ್ತೆ. ಅಲ್ಲಿ ನಿಲ್ಲೋದು ಬರೀ ಎರಡಿಂಚು ನೀರು. ಅದು ಹೋದರೆ ಗಟಾರದ ವಾಸನೆ ಸೀದಾ ಮಲಗುವ ಕೋಣೆಗೆ.
ಜಾಲಿ ತೆಗೆದು ಟಾರ್ಚ್ ಬಿಟ್ಟು ನೋಡಿದೆ, ತಳ ಒಣಗಿ ಸೋಪಿನ ಪೊರೆ ಕಾಣುತ್ತಿತ್ತು. ಕ್ಯಾಪ್ ಕಿತ್ತು, ಪೈಪನ್ನು ಪ್ಯಾರಾಪೆಟ್‌ಗಿಂತ ಎತ್ತರಕ್ಕೆ ಒಯ್ದು, ಪಕ್ಕದವರ ಕಿಟಕಿಯಿಂದ ದೂರ ಮಾಡಿ ಜಾಲಿ ಕೌಲ್ ಹಾಕಿದೆವು. ಪೈಪ್, ಕ್ಲಾಂಪ್, ಕೂಲಿ ಸೇರಿ 3,200. ಪಕ್ಕದವರ ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ.
ಇನ್ನೊಂದು, ನಮ್ಮ ಕಡೆ ಎರೆ ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಹೊರಗಿನ ಚೇಂಬರ್ (ಪೈಪ್ ಬಂದು ಸೇರುವ ಗುಂಡಿ) ಕುಂತರೆ ಮೇಲಿನಿಂದ ಬರುವ ಪೈಪಿನ ಜಾಯಿಂಟ್ ಕಳಚುತ್ತೆ. ತಳಕ್ಕೆ ಗರಸು ಹಾಕಿಸಿ, ಕಾಂಕ್ರೀಟ್ ಬೆಡ್ ಮಾಡಿಸಿ.

ಜಲನಗರದವ:
ಮೇಷ್ಟ್ರೇ, ಬೇಸಿಗೆಯಲ್ಲಿ ವಿಜಯಪುರದಲ್ಲಿ ಮನೆ ಬೀಗ ಹಾಕಿ ಊರಿಗೆ ಹೋಗಿ ಬನ್ನಿ. ವೆಂಟ್ ಇದ್ದರೂ ಟ್ರ್ಯಾಪ್ ಒಣಗಿರುತ್ತೆ. ಒಂದು ತಂಬಿಗೆ ನೀರು ಹಾಕಿದರೆ ವಾಸನೆ ಮಾಯ. ಎಲ್ಲಾ ತಪ್ಪನ್ನೂ ವೆಂಟ್ ಮೇಲೆ ಹಾಕಬೇಡಿ.

ನವನಗರ ಮೇಷ್ಟ್ರು:
ಒಣಗೋದು ಬೇರೆ, ಎಳೆಯೋದು ಬೇರೆ. ಓದಿ ಮಾತಾಡಿ.

ವಡಗಾವಿ ಪಾಟೀಲ (ಬೆಳಗಾವಿ):
ಬೆಳಗಾವಿ ಮಳೆ ಬಗ್ಗೆ ನಿಮಗೇನು ಗೊತ್ತು? ನಮ್ಮ ಗುತ್ತಿಗೆದಾರ ಪೈಪ್ ಉಳಿಸಲು ಮಾಳಿಗೆಯ ಮಳೆ ನೀರನ್ನೂ ಸಂಡಾಸದ ಪೈಪಿಗೆ ಕೊಟ್ಟ. ಜುಲೈನಲ್ಲಿ ಕೆಳಗಿನ ಕಮೋಡ್ ಉಕ್ಕಿ ಹಾಲ್‌ವರೆಗೆ ಬಂತು. ಚಾಪೆ, ಸೋಫಾದ ಬುಡ, ಎಲ್ಲಾ ಹಾಳು. ಬೇರೆ ಪೈಪ್ ಹಾಕಿಸಲು 11,800, ಸೋಫಾಕ್ಕೆ 16,000. ಮಳೆ ನೀರು ಬೇರೆ, ಸಂಡಾಸ ಬೇರೆ. ಬರೆದು ಸಹಿ ಮಾಡಿಸಿಕೊಳ್ಳಿ.

ಪಾನಾ ಹಿಡಿದವ (ವಿಜಯಪುರ):
ಎಲ್ಲರೂ ಪ್ಲಂಬರ್‌ನ ಬೈದಿರಿ, ಸಂತೋಷ. ನಾನೇ ಪ್ಲಂಬರ್. ಎಸ್‌ಡಬ್ಲ್ಯೂಆರ್ (ಸಂಡಾಸ, ಬಚ್ಚಲು, ಮಳೆ ನೀರಿನ) ಪೈಪಿನಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು. ಎ ತೆಳು, ನಾಲ್ಕಿಂಚಿಗೆ 2.2 ಮಿ.ಮೀ. ಗೋಡೆ. ಅದು ವೆಂಟ್‌ಗೆ, ಮಳೆ ನೀರಿಗೆ. ಸಂಡಾಸಕ್ಕೆ ಬಿ, 3.2 ಮಿ.ಮೀ. ನಾನು ಬಿ ಬರೆದುಕೊಟ್ಟರೆ ಮಾಲೀಕರು ಅಂಗಡಿಗೆ ಹೋಗಿ ಎ ತರುತ್ತಾರೆ. ಬುಡದಲ್ಲಿ 90 ಡಿಗ್ರಿ ಬೆಂಡ್ ಬದಲು 45ರ ಎರಡು ಹಾಕೋಣ, ಕಟ್ಟಿಕೊಂಡರೆ ತೆರೆಯಲು ಡೋರ್ ಇರುವ ಟೀ ಜಾಯಿಂಟ್ ಬಿಡೋಣ ಅಂದರೆ "ಸುಮ್ನೆ ಖರ್ಚು" ಅಂತಾರೆ. ಕಟ್ಟಿಕೊಂಡಾಗ ನಮಗೆ ಫೋನ್.

ಶಹಾಪುರ ಅಕ್ಕ:
ಫೋನ್ ಎತ್ತೋ ಪ್ಲಂಬರ್ ಇದ್ದಾನೆ ಅಂತ ಇವತ್ತು ಗೊತ್ತಾಯ್ತು!

ಪಾನಾ ಹಿಡಿದವ:
ನಿಮ್ಮ ಕೆಲಸ ಮಾಡಿದ್ದು ಗೌಂಡಿ ಅಂತ ನೀವೇ ಬರೆದಿದ್ದೀರಿ. ಗೌಂಡಿ ಕೈಗೆ ಪೈಪ್ ಕೊಟ್ಟರೆ ಹಾಗೇ ಆಗೋದು.

ವಡಗಾವಿ ಪಾಟೀಲ:
ಗೌಂಡಿಗೆ ದಿನಕ್ಕೆ ಕೊಡೋದು, ನಿಮಗೆ ಪಾಯಿಂಟ್ ಲೆಕ್ಕ. ಒಂದು ನಲ್ಲಿಗೂ ಒಂದು ಪಾಯಿಂಟ್, ಅದರ ಕೆಳಗಿನ ಜಾಲಿಗೂ ಒಂದು ಪಾಯಿಂಟ್. ಯಾವ ನ್ಯಾಯ ಇದು?

ವಿದ್ಯಾಗಿರಿ ಹುಡುಗ:
ಅಣ್ಣಾರ, ಅಕ್ಕಾರ, ನನ್ನ ಅಡುಗೆ ಮನೆ? ಪಿ-ಟ್ರ್ಯಾಪ್, ಹೊರಗಿನ ಪೈಪ್, ಮೇಲೆ ಕೌಲ್ ಅಂತ ಮನಸ್ಸು ಮಾಡಿದ್ದೇನೆ. ಕೊರೆಯೋದು ಬೇಡ. ಆದರೆ ಅಪ್ಪ ಮೇಲೂ ಇಂಡಿಯನ್ ಸಂಡಾಸವೇ ಬೇಕು ಅಂತಾರೆ.

ಜಲನಗರದವ:
ಇಂಡಿಯನ್ ಆದರೆ ಅರ್ಧ ಅಡಿಯಲ್ಲಿ ಆಗಲ್ಲ ತಮ್ಮಾ. ಪ್ಯಾನ್, ಅದರ ಕೆಳಗೆ ಟ್ರ್ಯಾಪ್, ಒಂದಡಿ ಮೇಲೇ ಹೋಗುತ್ತೆ. ಮೊದಲು ಅಪ್ಪನ್ನ ಒಪ್ಪಿಸು.

ನವನಗರ ಮೇಷ್ಟ್ರು:
ನನಗಂತೂ ಇಂಡಿಯನ್ನೇ ಇಷ್ಟ. ಅಪ್ಪ ಹೇಳೋದೇ ಸರಿ.

ಶಹಾಪುರ ಅಕ್ಕ:
ಮೇಷ್ಟ್ರೇ, ಮಂಡಿ ನೋವಿನವರ ಮನೆಗೆ ಬಂದು ಈ ಮಾತು ಹೇಳಿ.